ಪ್ರತಿಕ್ರಿಯೆ: ಸಸಾನಿಯನ್ ಮಣಿಸರದ ಬಿಳಿ ಗೆರೆ ಸೋಪಿಗೆ ಮಾಸಿದ್ದು

ಇರಾನನ್ನು ಆಳಿದ ಸಸಾನಿಯನ್ ರಾಜವಂಶದ ಕಾಲದ್ದೆಂದು ಕೊಂಡ ಮಣಿಸರವನ್ನು ತೊಳೆದಾಗ ಬಿಳಿ ಗೆರೆ ಮಾಸಿತು, ಅದು ನಿಜವಾದದ್ದೇ ಎಂದು ಕೇಳಿದ್ದೀರಿ. ಕಾರ್ನೀಲಿಯನ್ (ಕೆಂಪು-ಕಿತ್ತಳೆ ಬಣ್ಣದ ಕಲ್ಲು) ಮಣಿಗಳ ಬಿಳಿ ಗೆರೆ ಸೋಪಿನ ನೀರಿಗೆ ಮಾಸಿತು ಎಂದರೆ ಅದು ಬಹುತೇಕ ಮೇಲೆ ಬಳಿದ ಬಣ್ಣ. ಸಸಾನಿಯನ್ ಕಾಲದ (ಕ್ರಿ.ಶ. 224–651) ನಿಜವಾದ ಮಣಿಗಳಲ್ಲಿ ಕ್ಷಾರದ ಲೇಪದಿಂದ ಚಿತ್ತಾರ ಬರೆದು ಕಲ್ಲನ್ನು ಕಾಯಿಸುತ್ತಿದ್ದರು. ಬಿಳುಪು ಕಲ್ಲಿನ ಮೈಗೇ ಇಳಿದಿರುತ್ತದೆ. ಶತಮಾನಗಳಲ್ಲಿ ಸವೆಯಬಹುದು, ಸೋಪಿಗೆ ಕರಗುವುದಿಲ್ಲ.

ತೊಳೆಯುವುದನ್ನು ನಿಲ್ಲಿಸಿ. ಒಂದು ಮಣಿಯನ್ನು ದಾರದಿಂದ ಬಿಡಿಸಿ, ಅಸಿಟೋನ್ (ಉಗುರುಬಣ್ಣ ತೆಗೆಯಲು ಬಳಸುವ ದ್ರವ) ಅದ್ದಿದ ಹತ್ತಿಯಿಂದ ಗೆರೆಯ ತುದಿಯನ್ನಷ್ಟೇ ಒರೆಸಿ. ಗೆರೆ ಅಳಿಸಿಹೋದರೆ ಬಣ್ಣವೆಂಬುದು ಖಚಿತ.

ಅಳಿಯದಿದ್ದರೆ ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ರಂಧ್ರವನ್ನು ನೋಡಿ. ಹಳೆಯ ಮಣಿಗಳನ್ನು ಸಾಮಾನ್ಯವಾಗಿ ಎರಡೂ ತುದಿಗಳಿಂದ ಕೊರೆಯುತ್ತಿದ್ದರು, ನಡುವೆ ಕೊರೆತಗಳು ತುಸು ಓರೆಯಾಗಿ ಸೇರುತ್ತವೆ. ದಾರ ಉಜ್ಜಿದ ಅಂಚು ನುಣುಪಾಗಿರುತ್ತದೆ. ಉದ್ದಕ್ಕೂ ಒಂದೇ ಅಗಲದ ನೇರ ರಂಧ್ರವಾದರೆ ಯಂತ್ರದ ಕೆಲಸವೆಂದು ಅನುಮಾನಿಸಿ. ಆದರೆ ಇದೊಂದನ್ನೇ ನಂಬಬೇಡಿ: ಗುಜರಾತಿನ ಖಂಭಾತಿನಲ್ಲಿ ಕೈಯಿಂದ ಕೊರೆಯುವ ಪದ್ಧತಿ ಆಧುನಿಕ ಕಾಲದವರೆಗೂ ಉಳಿದು ಬಂದಿದೆ. ಓರೆ ರಂಧ್ರ ಹಳೆಯದೇ ಆಗಬೇಕೆಂದಿಲ್ಲ.

ಮಾರಿದವರು ಕೊಟ್ಟ ‘ಪ್ರಮಾಣಪತ್ರ’ಕ್ಕೆ ನಾನಂತೂ ಬೆಲೆ ಕೊಡುವುದಿಲ್ಲ. ಇರಾನಿನಿಂದ ಪ್ರಾಚ್ಯವಸ್ತುಗಳನ್ನು ಅನುಮತಿಯಿಲ್ಲದೆ ಹೊರತರುವುದು ಕಾನೂನುಬಾಹಿರ. ನಿಜವಾದದ್ದನ್ನು ಅಂಗಡಿಯ ಮೇಜಿನ ಮೇಲೆ ಹರಡಿ ಚೌಕಾಶಿ ಮಾಡುವವರು ಕಡಿಮೆ.

ರತ್ನಪರೀಕ್ಷಾ ಪ್ರಯೋಗಾಲಯ ಕಲ್ಲು ಯಾವುದು, ಬಣ್ಣ ಹಾಕಿದ್ದಾರೆಯೇ ಎಂದು ಹೇಳುತ್ತದೆ, ಕಾಲವನ್ನಲ್ಲ. ಕಾಲಕ್ಕೆ ಮಣಿಗಳನ್ನು ಬಲ್ಲ ಪುರಾತತ್ತ್ವಜ್ಞರೇ ಬೇಕು. ಅಸಿಟೋನ್ ಪರೀಕ್ಷೆಯಲ್ಲೇ ಬಣ್ಣ ಬಿಟ್ಟರೆ ಆ ಖರ್ಚು ಬೇಡ. ರಸೀದಿ ಹಿಡಿದು ಹಣ ವಾಪಸು ಕೇಳಿ.