ಘಾನಾಕ್ಕೆ ಹೊರಟವರಿಗೆ ಮಲೇರಿಯಾ ಮಾತ್ರೆ ಬೇಕೆ?

ಪ್ರಶ್ನೆ: ಕೆಲಸದ ನಿಮಿತ್ತ ಜನವರಿಯಲ್ಲಿ ಎರಡು ತಿಂಗಳ ಮಟ್ಟಿಗೆ ಘಾನಾಕ್ಕೆ ಹೋಗಲಿದ್ದೇನೆ. ಮೊದಲು ಅಕ್ರಾ, ಬಳಿಕ ಉತ್ತರದ ತಮಾಲೆಯಲ್ಲಿ ವಾಸ. ಹಳದಿ ಜ್ವರದ ಲಸಿಕೆ ಕಡ್ಡಾಯವೆಂದು ತಿಳಿದಿದೆ. ಮಲೇರಿಯಾ ನಮ್ಮಲ್ಲೂ ಉಂಟಲ್ಲ, ಅದಕ್ಕೂ ಮಾತ್ರೆ ನುಂಗಬೇಕೆ?
- ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನುಂಗಲೇಬೇಕು. ಘಾನಾದಲ್ಲಿ ವರ್ಷವಿಡೀ, ರಾಜಧಾನಿಯೂ ಸೇರಿದಂತೆ ಎಲ್ಲೆಡೆ ಮಲೇರಿಯಾ ಹರಡುತ್ತದೆ. ಅದರಲ್ಲಿ ಬಹುಪಾಲು, ಮಿದುಳು ಮತ್ತು ಮೂತ್ರಪಿಂಡಗಳನ್ನು ಬೇಗನೆ ಘಾಸಿಗೊಳಿಸಬಲ್ಲ ಫಾಲ್ಸಿಪಾರಂ ಜಾತಿಯದು. ಚಿಕ್ಕಂದಿನಲ್ಲಿ ಇಲ್ಲೇ ಒಮ್ಮೆ ಮಲೇರಿಯಾ ಬಂದುಹೋಗಿದ್ದರೂ ಅದು ಈಗ ನಿಮ್ಮನ್ನು ಕಾಯುವುದಿಲ್ಲ. ಹಳೆಯ ಕ್ಲೋರೋಕ್ವಿನ್ ಅಲ್ಲಿ ಕೆಲಸಕ್ಕೆ ಬಾರದು. ಅಟೊವಾಕ್ವೋನ್-ಪ್ರೊಗ್ವಾನಿಲ್ ಮಾತ್ರೆಯನ್ನು ಹೊರಡುವ ಒಂದೆರಡು ದಿನ ಮುಂಚೆ ಆರಂಭಿಸಿ, ಮರಳಿದ ಮೇಲೂ ಏಳು ದಿನ ಮುಂದುವರಿಸಬೇಕು. ಡಾಕ್ಸಿಸೈಕ್ಲಿನ್ ಆದರೆ ಮರಳಿದ ಮೇಲೆ ನಾಲ್ಕು ವಾರ. ಯಾವುದು ನಿಮಗೆ ಹೊಂದುತ್ತದೆ ಎಂಬುದನ್ನು ವೈದ್ಯರೇ ನಿರ್ಧರಿಸಲಿ. ಊರಿಗೆ ಬಂದಾಯಿತೆಂದು ಮಾತ್ರೆಯನ್ನು ನಡುವೆಯೇ ಬಿಡುವವರೇ ಹೆಚ್ಚು, ಪೆಟ್ಟು ತಿನ್ನುವವರೂ ಅವರೇ. ಮಾತ್ರೆಯಿದೆಯೆಂದು ಸೊಳ್ಳೆಪರದೆಯನ್ನು ಮರೆಯುವಂತಿಲ್ಲ. ಮಲೇರಿಯಾ ಹರಡುವ ಸೊಳ್ಳೆ ಕಚ್ಚುವುದು ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ.

ಹಳದಿ ಜ್ವರದ ಪ್ರಮಾಣಪತ್ರ ಊರ್ಜಿತವಾಗುವುದು ಲಸಿಕೆ ಪಡೆದ ಹತ್ತು ದಿನಗಳ ನಂತರ. ಆಮೇಲೆ ಅದು ಜೀವನಪರ್ಯಂತ ನಡೆಯುತ್ತದೆ. ಅಧಿಕೃತ ಕೇಂದ್ರಗಳಲ್ಲಿ ಮಾತ್ರ ಸಿಗುವ ಈ ಲಸಿಕೆಗೆ ಕೊನೆಯ ವಾರದವರೆಗೆ ಕಾಯಬೇಡಿ. ಭಾರತಕ್ಕೆ ಮರಳುವಾಗಲೂ ಆ ಪತ್ರವನ್ನು ಕೇಳುತ್ತಾರೆ, ಇಲ್ಲದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದಾದ್ದರಿಂದ ಅದು ಪಾಸ್‌ಪೋರ್ಟಿನ ಜೊತೆಗೇ ಇರಲಿ.

ನೀವು ಕೇಳದಿದ್ದರೂ ಇನ್ನೊಂದನ್ನು ಹೇಳಬೇಕು. ತಮಾಲೆ ಇರುವ ಉತ್ತರ ಘಾನಾ, ಮೆನಿಂಜೈಟಿಸ್ (ಮಿದುಳುಪೊರೆಯ ಉರಿಯೂತ) ಹೆಚ್ಚಾಗಿ ಕಾಣುವ ಆಫ್ರಿಕದ ಭೂಪಟ್ಟಿಗೆ ಸೇರಿದ ಪ್ರದೇಶ. ಸಹರಾ ಕಡೆಯಿಂದ ಹರ್ಮಟಾನ್ ಎಂಬ ಧೂಳುಗಾಳಿ ಬೀಸುವ, ಆ ರೋಗ ಹೆಚ್ಚು ಹರಡುವ ಒಣ ಋತುವಿನಲ್ಲೇ ನೀವು ಅಲ್ಲಿರುತ್ತೀರಿ. ಆದ್ದರಿಂದ ಎ, ಸಿ, ಡಬ್ಲ್ಯು, ವೈ ಎಂಬ ರೋಗಾಣು ಗುಂಪುಗಳ ವಿರುದ್ಧದ ಮೆನಿಂಜೈಟಿಸ್ ಲಸಿಕೆಯನ್ನೂ ಪಡೆಯಿರಿ. ಆಸ್ತಮಾ ಇದ್ದರೆ ಇನ್‌ಹೇಲರ್ ಹೆಚ್ಚಾಗಿಯೇ ಒಯ್ಯಿರಿ. ರಜೆಯ ದಿನ ವೋಲ್ಟಾ ಸರೋವರ ಕಂಡು ಈಜುವ ಆಸೆಯಾದರೆ ತಡೆದುಕೊಳ್ಳಿ: ಅಲ್ಲಿನ ಬಸವನಹುಳುಗಳಿಂದ ಹೊರಬರುವ ಪರಾವಲಂಬಿ ಮರಿಗಳು ಚರ್ಮವನ್ನೇ ತೂರಿ ಒಳಹೋಗಿ ಬಿಲ್‌ಹಾರ್ಜಿಯಾ ರೋಗ ತರುತ್ತವೆ. ರಾತ್ರಿ ಹೊತ್ತು ಹೆದ್ದಾರಿಯ ಪ್ರಯಾಣವೂ ಬೇಡ.

ಮಾತ್ರೆ ತಪ್ಪದೆ ನುಂಗಿದವರಿಗೂ ಅಪರೂಪಕ್ಕೆ ಮಲೇರಿಯಾ ಬರಬಹುದು. ಅಲ್ಲಿಗೆ ಹೋಗಿ ಒಂದು ವಾರ ಕಳೆದ ಮೇಲೆ, ಅಥವಾ ಹುಬ್ಬಳ್ಳಿಗೆ ಮರಳಿದ ಮೂರು ತಿಂಗಳೊಳಗೆ ಜ್ವರ ಬಂದರೆ ಅದೇ ದಿನ ರಕ್ತಪರೀಕ್ಷೆ ಮಾಡಿಸಿ, ಘಾನಾಕ್ಕೆ ಹೋಗಿದ್ದನ್ನು ವೈದ್ಯರು ಕೇಳುವ ಮೊದಲೇ ಹೇಳಿ. ಮೊದಲ ಪರೀಕ್ಷೆಯಲ್ಲಿ ರೋಗಾಣು ಕಾಣದೆ ಜ್ವರ ಉಳಿದರೆ, ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆಗಳೊಳಗೆ ಮತ್ತೊಮ್ಮೆ ಪರೀಕ್ಷಿಸಬೇಕು.