ಕೊಂಜುಂತಿವೊ ಸತ್ತಿಲ್ಲ, ನೀವು ಕೊಲ್ಲಬೇಡಿ: ಇಟಾಲಿಯನ್ ಕ್ರಿಯಾಪದಗಳ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಬಹುಪಾಲು ಒಂದೇ ಪ್ರಶ್ನೆಯ ಬೇರೆ ಬೇರೆ ವೇಷಗಳು: ಕೊಂಜುಂತಿವೊ, ಅಂದರೆ ಅನಿಸಿಕೆ, ಆಸೆ, ಅನುಮಾನ ಹೇಳುವಾಗ ಬರುವ ಕ್ರಿಯಾರೂಪ, ಬೇಕೇ ಬೇಡವೇ. ಅದಕ್ಕೆ ಒಮ್ಮೆ ಪೂರ್ತಿ ಉತ್ತರ ಕೊಟ್ಟುಬಿಡುತ್ತೇನೆ, ಮುಂದಿನ ತಿಂಗಳು ಮತ್ತೆ ಕೇಳಬೇಡಿ. ವರ್ತಮಾನಕಾಲದ ಆರೂ ರೂಪಗಳು ನಿಮ್ಮ ಬಾಯಲ್ಲಿವೆ ಎಂದುಕೊಂಡೇ ಬರೆಯುತ್ತಿದ್ದೇನೆ. ಅದೂ ಬಾರದವರು ಮೊದಲು ಅದನ್ನು ಮುಗಿಸಿಕೊಂಡು ಬನ್ನಿ.

ಪ್ರಶ್ನೆ: ಓದಲು ಮಿಲಾನೊಗೆ ಹೊರಟಿದ್ದೇನೆ. ಇಟಾಲಿಯನ್ನರೇ ಈಗ ಕೊಂಜುಂತಿವೊ ಬಳಸುವುದಿಲ್ಲ, ಬಿಟ್ಟರೂ ನಡೆಯುತ್ತದೆ ಎಂದು ಒಂದು ವಿಡಿಯೊದಲ್ಲಿ ಹೇಳಿದರು. ನಿಜವೇ? ಬಿಡುವಂತಿಲ್ಲ ಎಂದಾದರೆ ಅಷ್ಟು ರೂಪಗಳನ್ನು ನೆನಪಿಡುವುದು ಹೇಗೆ?

ಆ ವಿಡಿಯೊ ಮಾಡಿದವರು ಇಟಲಿಯಲ್ಲಿ ಯಾರನ್ನಾದರೂ ದಾರಿ ಕೇಳುವಾಗ 'ಸ್ಕೂಸಿ' ಎಂದೇ ಮಾತು ಶುರುಮಾಡಿರುತ್ತಾರೆ. ಅದು ಕೊಂಜುಂತಿವೊ. ಅಂಗಡಿಯವನು ನಿಮ್ಮ ಮುಖ ನೋಡಿ 'ದೀಕ' ಎನ್ನುತ್ತಾನೆ, ಅಂದರೆ 'ಹೇಳಿ'. ಕಚೇರಿಯಲ್ಲಿ 'ಸಿ ಅಕ್ಕೊಮೊದಿ' ಎಂದರೆ 'ಕೂತುಕೊಳ್ಳಿ'. ಎಲ್ಲವೂ ಕೊಂಜುಂತಿವೊ. 'ನೀವು' ಎನ್ನಬೇಕಾದ ಕಡೆ ಇಟಾಲಿಯನ್ನರು 'ಲೇಯಿ' ಎನ್ನುತ್ತಾರೆ, ಆ ಲೇಯಿಗೆ ಹೇಳುವ ವಿಧ್ಯರ್ಥಕ ರೂಪವನ್ನು ಕೊಂಜುಂತಿವೊದಿಂದಲೇ ಎತ್ತಿಕೊಂಡಿದ್ದಾರೆ. ಗೆಳೆಯನಿಗೆ 'ಸ್ಕೂಸ', ಮನೆ ಮಾಲೀಕರಿಗೆ 'ಸ್ಕೂಸಿ'. ಇದನ್ನು ಬಿಟ್ಟರೆ ಮಾಲೀಕರನ್ನು ಏಕವಚನದಲ್ಲಿ ಕರೆದ ಹಾಗಾಗುತ್ತದೆ. ಅದರ ಮುಜುಗರ ಕನ್ನಡಿಗರಿಗೆ ವಿವರಿಸಬೇಕಿಲ್ಲ.

ವಿಡಿಯೊದಲ್ಲಿ ಅರೆಪಾವು ಸತ್ಯವಿದೆ. ಆಡುಮಾತಿನಲ್ಲಿ, ಅದರಲ್ಲೂ ರೋಮ್ ಮತ್ತು ಅದರ ದಕ್ಷಿಣಕ್ಕೆ, 'ಪೆನ್ಸೊ ಕೆ ಸೀಯ' (ಹಾಗಿದೆ ಅಂತ ನನಗನ್ನಿಸುತ್ತದೆ) ಎನ್ನಬೇಕಾದಲ್ಲಿ 'ಪೆನ್ಸೊ ಕೆ ಎ' ಎನ್ನುವವರು ಬೇಕಾದಷ್ಟು ಜನ. ಆದರೆ ಅವರಿಗೆ ಎರಡೂ ಗೊತ್ತು. ನಿಮಗೆ ಒಂದೂ ಗೊತ್ತಿಲ್ಲ. ಅರ್ಜಿಯಲ್ಲಿ, ಪ್ರೊಫೆಸರಿಗೆ ಬರೆಯುವ ಮೇಲ್‌ನಲ್ಲಿ ತಪ್ಪು ಕಣ್ಣಿಗೆ ಹೊಡೆಯುತ್ತದೆ. ಪೌರತ್ವಕ್ಕೆ 2018ರ ಕೊನೆಯಿಂದ ಬಿ1 (ಮಧ್ಯಮ) ಮಟ್ಟದ ಭಾಷಾ ಪ್ರಮಾಣಪತ್ರ ಕಡ್ಡಾಯ. ಇವತ್ತು ಓದಲು ಹೋದವರು ಮುಂದೊಂದು ದಿನ ಆ ಸಾಲಿನಲ್ಲಿ ನಿಲ್ಲುವವರೇ.

ಇನ್ನು ನೆನಪಿಡುವ ವಿಷಯ. ಪಟ್ಟಿ ಉರು ಹೊಡೆಯಬೇಡಿ, ಕಟ್ಟುವುದನ್ನು ಕಲಿಯಿರಿ. ವರ್ತಮಾನಕಾಲದ 'ನಾನು' ರೂಪ ತೆಗೆದುಕೊಳ್ಳಿ, ಕೊನೆಯ 'ಒ' ಕಿತ್ತುಹಾಕಿ. ಧಾತು 'ಆರೆ'ಯಲ್ಲಿ ಮುಗಿಯುವುದಾದರೆ 'ಇ' ಹಚ್ಚಿ: ಪಾರ್ಲೊ, ಪಾರ್ಲಿ. 'ಎರೆ' ಅಥವಾ 'ಇರೆ' ಆದರೆ 'ಅ' ಹಚ್ಚಿ: ಪ್ರೆಂದೊ, ಪ್ರೆಂದ, ಫಿನಿಸ್ಕೊ, ಫಿನಿಸ್ಕ. ನಾನು, ನೀನು, ಅವನು, ಅವಳು, ಲೇಯಿ, ಎಲ್ಲರಿಗೂ ಇದೊಂದೇ ರೂಪ. 'ಅವರು' ಬೇಕಾದರೆ ಇದಕ್ಕೇ 'ನೊ' ಸೇರಿಸಿ: ಪಾರ್ಲಿನೊ, ಪ್ರೆಂದನೊ. 'ನಾವು' ರೂಪ ವರ್ತಮಾನದ್ದೇ, ಬದಲಾವಣೆಯಿಲ್ಲ: ಪಾರ್ಲಿಯಾಮೊ. 'ನೀವುಗಳು' ಬೇಕೆಂದರೆ ಅದರ 'ಮೊ' ತೆಗೆದು 'ತೆ' ಇಡಿ: ಪಾರ್ಲಿಯಾತೆ.

ಈ ದಾರಿಯ ಲಾಭವೆಂದರೆ, ವಕ್ರ ಎಂದು ನೀವು ಹೆದರುವ ಕ್ರಿಯಾಪದಗಳೂ ಇದರೊಳಗೇ ಬರುತ್ತವೆ. ವೆಂಗೊ, ವೆಂಗ. ದೀಕೊ, ದೀಕ. ಫಾಚ್ಚೊ, ಫಾಚ್ಚ. ಎಸ್ಕೊ, ಎಸ್ಕ. ವಾದೊ, ವಾದ. ಪೊಸ್ಸೊ, ಪೊಸ್ಸ. ಒಂದೇ ಎಚ್ಚರ: ಫಾಚ್ಚೊದ ಧಾತು ಫಾರೆ, ವಾದೊದ ಧಾತು ಅಂದಾರೆ, ಎರಡೂ 'ಆರೆ'ಯಲ್ಲಿ ಮುಗಿದರೂ ಅವಕ್ಕೆ 'ಅ'ವೇ. ನಿಜವಾಗಿ ಹೊರಗೆ ನಿಲ್ಲುವವು ಐದು: ಎಸ್ಸೆರೆಗೆ (ಇರು, ಆಗಿರು) ಸೀಯ, ಅವೇರೆಗೆ (ಹೊಂದಿರು) ಅಬ್ಬಿಯ, ಸಪೇರೆಗೆ (ತಿಳಿದಿರು) ಸಪ್ಪಿಯ, ದಾರೆಗೆ (ಕೊಡು) ದೀಯ, ಸ್ತಾರೆಗೆ (ಇರು, ಉಳಿ) ಸ್ತೀಯ. ದೊವೇರೆಗೆ (ಮಾಡಲೇಬೇಕು) 'ದೆಬ್ಬ' ಎನ್ನಿ. 'ದೇವ' ಕೂಡ ಇದೆ, ಆದರೆ 'ದೆಬ್ಬ'ವೇ ಹೆಚ್ಚು ಬಳಕೆ. ಚೆರ್ಕೊ, ಪಾಗೊ ತರಹದವು ಚೆರ್ಕಿ, ಪಾಗಿ ಎಂದೇ ಉಳಿಯುತ್ತವೆ; ಕ, ಗ ಉಳಿಯಲೆಂದು ಕಾಗುಣಿತದಲ್ಲಿ ನಡುವೆ ಒಂದು ಎಚ್ ತೂರಿಸುತ್ತಾರೆ, ಅಷ್ಟೇ.

ಎಡವುವ ಜಾಗ ಇಲ್ಲೇ. 'ಇ' ಹಚ್ಚುವ ಅಭ್ಯಾಸ ಕೈಗೆ ಬಂದ ಮೇಲೆ ಎಲ್ಲದಕ್ಕೂ 'ಇ' ಹಚ್ಚಿ 'ವಾದಿ', 'ವೆಂಗಿ', 'ಫಾಚ್ಚಿ' ಎಂದುಬಿಡುತ್ತಾರೆ. ಇಟಲಿಯ ಹಾಸ್ಯದಲ್ಲಿ ಅರೆಬರೆ ಓದಿದವನ ಗುರುತೇ ಈ ತಪ್ಪು, ರಾಜಕಾರಣಿಯ ಬಾಯಿಂದ ಬಂದರೂ ನಗುತ್ತಾರೆ. ವಿಚಿತ್ರವೆಂದರೆ 'ವಾದಿ' ಎನ್ನುವುದಕ್ಕಿಂತ ಕೊಂಜುಂತಿವೊವನ್ನೇ ಬಿಟ್ಟು ಮಾತಾಡಿದರೆ ಕಡಿಮೆ ನಗುತ್ತಾರೆ.

ಎಲ್ಲಿ ಬಳಸುವುದು? ಅನಿಸಿಕೆ, ಆಸೆ, ಅನುಮಾನ, ಅಗತ್ಯ ಹೇಳಿ 'ಕೆ' ಹಾಕಿದ ಮೇಲೆ: ಪೆನ್ಸೊ ಕೆ (ಅನ್ನಿಸುತ್ತದೆ), ಸ್ಪೆರೊ ಕೆ (ಆಶಿಸುತ್ತೇನೆ), ವೊಲ್ಯೊ ಕೆ (ಬಯಸುತ್ತೇನೆ), ಬಿಸೋಞ್ಞ ಕೆ (ಅಗತ್ಯವಿದೆ). 'ಬೆಂಕೆ' (ಆದರೂ), 'ಪ್ರೀಮ ಕೆ' (ಮೊದಲು), 'ಅ ಮೇನೊ ಕೆ' (ಆಗದ ಹೊರತು) ಆದ ಮೇಲೂ ಹಾಗೇ. ಎಲ್ಲಿ ಬೇಡ ಎನ್ನುವುದನ್ನು ಯಾರೂ ಹೇಳಿಕೊಡುವುದಿಲ್ಲ, ಬರೆದಿಟ್ಟುಕೊಳ್ಳಿ: 'ಸೊ ಕೆ' (ನನಗೆ ಗೊತ್ತು) ಬೇಡ, 'ಸೆಕೊಂದೊ ಮೆ' (ನನ್ನ ಪ್ರಕಾರ) ಬೇಡ, 'ಫೋರ್ಸೆ' (ಬಹುಶಃ) ಬೇಡ, 'ದೋಪೊ ಕೆ' (ಆದ ಮೇಲೆ) ಬೇಡ. 'ಆಂಕೆ ಸೆ' ಅರ್ಥದಲ್ಲಿ 'ಬೆಂಕೆ'ಯ ಅಣ್ಣತಮ್ಮ, ಆದರೆ 'ಮಳೆ ಬರುತ್ತಿದ್ದರೂ ಹೋಗುತ್ತೇನೆ' ಎನ್ನುವಂಥ ನಿಜಸಂಗತಿಗೆ ಅದರ ಮುಂದೆ ಸಾದಾ ವರ್ತಮಾನವೇ ಸಾಕು. ವ್ಯಾಕರಣದ ಭಯವಿದ್ದ ದಿನ 'ಪೆನ್ಸೊ ಕೆ' ಬದಲು 'ಸೆಕೊಂದೊ ಮೆ' ಎಂದು ಜಾರಿಕೊಳ್ಳಿ. ತಪ್ಪೇನಿಲ್ಲ, ಅವರೂ ಅದನ್ನೇ ಮಾಡುತ್ತಾರೆ.

ಕನ್ನಡಿಗರು ವಿಶೇಷವಾಗಿ ಮಾಡುವ ತಪ್ಪೊಂದಿದೆ. 'ನಾನು ಹೇಳಿದ್ದು ಸರಿ ಅಂತ ನನಗನ್ನಿಸುತ್ತೆ' ಎಂಬ ನಮ್ಮ 'ಅಂತ'ವನ್ನು 'ಕೆ' ಎಂದುಕೊಂಡು 'ಕ್ರೆದೊ ಕೆ ಇಯೊ ಅಬ್ಬಿಯ ರಜೋನೆ' ಎಂದು ಜೋಡಿಸುತ್ತಾರೆ. ಎರಡೂ ಕಡೆ ಕರ್ತೃ ಒಬ್ಬರೇ ಆದರೆ 'ಕೆ' ಇಲ್ಲ, ಕೊಂಜುಂತಿವೊ ಇಲ್ಲ. 'ದಿ' ಮತ್ತು ಮೂಲ ಧಾತು: 'ಕ್ರೆದೊ ದಿ ಅವೇರೆ ರಜೋನೆ'. 'ವೊಲ್ಯೊ' ಆದರೆ ಆ 'ದಿ'ಯೂ ಬೇಡ: 'ವೊಲ್ಯೊ ವೆನೀರೆ' ಎಂದರೆ ನಾನು ಬರಬೇಕು, 'ವೊಲ್ಯೊ ಕೆ ತು ವೆಂಗ' ಎಂದರೆ ನೀನು ಬರಬೇಕು. ಆ 'ತು' ನುಂಗಬೇಡಿ. ಬೇರೆ ಕಡೆ ಕನ್ನಡದ ಹಾಗೆ ಸರ್ವನಾಮ ಬಿಡಬಹುದು, ಇಲ್ಲಿ ಮೂರು ಪುರುಷಕ್ಕೂ ಒಂದೇ ರೂಪವಾದ್ದರಿಂದ ಬಿಟ್ಟರೆ ಯಾರು ಬರಬೇಕೆಂದೇ ತಿಳಿಯುವುದಿಲ್ಲ.

ಭೂತಕಾಲದ ಕೊಂಜುಂತಿವೊ ಇನ್ನೂ ಸುಲಭ. ಇಂಪೆರ್ಫೆತ್ತೊದ, ಅಂದರೆ 'ಮಾತಾಡುತ್ತಿದ್ದೆ' ಬಗೆಯ ಭೂತಕಾಲದ, 'ವೊ' ತೆಗೆದು 'ಸ್ಸಿ' ಇಡಿ: ಪಾರ್ಲಾವೊ, ಪಾರ್ಲಾಸ್ಸಿ, ಫಚೇವೊ, ಫಚೆಸ್ಸಿ, ದಿಚೇವೊ, ದಿಚೆಸ್ಸಿ, ಬೆವೇವೊ, ಬೆವೆಸ್ಸಿ. ಹೊರಗಿನವು ಮೂರೇ: ಎಸ್ಸೆರೆಗೆ ಫೊಸ್ಸಿ, ದಾರೆಗೆ ದೆಸ್ಸಿ, ಸ್ತಾರೆಗೆ ಸ್ತೆಸ್ಸಿ. ಮುಖ್ಯ ವಾಕ್ಯ ಭೂತಕಾಲಕ್ಕೆ ಹೋದರೆ ಇದೂ ಜೊತೆಗೆ ಹೋಗಬೇಕು: ಪೆನ್ಸೊ ಕೆ ವೆಂಗ, ಪೆನ್ಸಾವೊ ಕೆ ವೆನಿಸ್ಸೆ. 'ವೊರ್ರೆಯಿ' (ಹೀಗಾದರೆ ನನಗಿಷ್ಟ) ವರ್ತಮಾನದ ಆಸೆಯಾದರೂ ಅದರ ಮುಂದೆ ಈ ರೂಪವೇ: 'ವೊರ್ರೆಯಿ ಕೆ ತು ವೆನಿಸ್ಸಿ'. ಬಿ2 ಪರೀಕ್ಷೆಗೆ ಕೂತವರೂ ಇಲ್ಲಿ 'ವೆಂಗ' ಬರೆದು ಅಂಕ ಕಳೆದುಕೊಳ್ಳುತ್ತಾರೆ.

ಕೊನೆಗೆ 'ಸೆ', ಅಂದರೆ ನಮ್ಮ '-ರೆ'. 'ಸಮಯವಿದ್ದಿದ್ದರೆ ಬರುತ್ತಿದ್ದೆ' ಎಂಬ ನಡೆಯದ ಮಾತಿನಲ್ಲಿ 'ಸೆ' ಇರುವ ಕಡೆ ಕೊಂಜುಂತಿವೊ, ಇನ್ನೊಂದು ಕಡೆ ಕೊಂದಿಟ್ಸಿಯೊನಾಲೆ, ಅಂದರೆ 'ಹಾಗಿದ್ದರೆ ಹೀಗೆ ಮಾಡುತ್ತಿದ್ದೆ' ಎನ್ನುವ ರೂಪ. ಈಗಿನ ಮಾತಿಗೆ 'ಸೆ ಅವೆಸ್ಸಿ ತೆಂಪೊ, ವೆರ್ರೆಯಿ'. ಆಗಿಹೋದದ್ದಕ್ಕೆ 'ಸೆ ಅವೆಸ್ಸಿ ಸಪೂತೊ, ಸರೆಯಿ ವೆನೂತೊ'. 'ಸೆ ಅವ್ರೆಯಿ' ಎಂದರೆ ಅಲ್ಲಿಯ ಶಾಲಾಮಕ್ಕಳನ್ನೂ ಗದರುತ್ತಾರೆ. ಆಡುಮಾತಿನಲ್ಲಿ 'ಸೆ ಲೊ ಸಪೇವೊ, ವೆನೀವೊ' ಎಂದು ಎರಡೂ ಕಡೆ ಇಂಪೆರ್ಫೆತ್ತೊ ಇಟ್ಟು ಮುಗಿಸುತ್ತಾರೆ. 'ಬರುತ್ತಿದ್ದೆ' ಎನ್ನುವ ನಮಗೆ ಅದು ಕೂಡಲೇ ಹಿಡಿಸುತ್ತದೆ, ಮಾತಿಗೆ ಸರಿ, ಬರವಣಿಗೆಗೆ ತರಬೇಡಿ. ಇನ್ನೊಂದು ಎಚ್ಚರ: 'ಬರ್ತೀನೋ ಇಲ್ಲವೋ ಗೊತ್ತಿಲ್ಲ' ಎನ್ನುವ 'ಸೆ' ಬೇರೆ, ಅದು '-ಓ'. ಅದರ ಮುಂದೆ ಕೊಂದಿಟ್ಸಿಯೊನಾಲೆ ಬರಬಹುದು: 'ನೊನ್ ಸೊ ಸೆ ವೆರ್ರೆಯಿ'. 'ಸೆ' ಕಂಡಲ್ಲೆಲ್ಲ '-ರೆಯಿ' ನಿಷಿದ್ಧ ಎಂದು ಕಲಿಸುವ ಟ್ಯೂಷನ್ನಿನವರು ಇಷ್ಟು ದೂರ ಬಂದಿರುವುದಿಲ್ಲ.

ಪ್ರಶ್ನೆ: ಭೂತಕಾಲ ಹೇಳುವಾಗ ಚಲನೆಯ ಕ್ರಿಯಾಪದಗಳಿಗೆಲ್ಲ ಅವೇರೆ ಅಲ್ಲ, ಎಸ್ಸೆರೆಯೇ ಸಹಾಯಕ ಕ್ರಿಯಾಪದ ಎಂದು ಕಲಿತೆ. 'ಸೊನೊ ಕಮ್ಮಿನಾತೊ' ಬರೆದದ್ದಕ್ಕೆ ತಪ್ಪು ಹಾಕಿದ್ದಾರೆ.

ಸರಿಯಾಗಿಯೇ ಹಾಕಿದ್ದಾರೆ. ನಡೆದೆ, ಈಜಿದೆ, ಪ್ರಯಾಣ ಮಾಡಿದೆ ಎಲ್ಲವೂ ಅವೇರೆ: ಒ ಕಮ್ಮಿನಾತೊ, ಒ ನುವೊತಾತೊ, ಒ ವಿಯಜ್ಜಾತೊ. ಒಂದೆಡೆ ಹೊರಟು ಇನ್ನೊಂದೆಡೆ ಮುಟ್ಟುವುದಕ್ಕೆ (ಹೋಗು, ಬಾ, ತಲುಪು, ಹೊರಡು, ಮರಳು), ಸ್ಥಿತಿ ಬದಲಾಗುವುದಕ್ಕೆ (ಹುಟ್ಟು, ಸಾಯು, ಆಗು), ಉಳಿಯುವುದಕ್ಕೆ, ಮತ್ತು 'ಮಿ, ತಿ, ಸಿ' ಅಂಟಿದ ಆತ್ಮಾರ್ಥಕಗಳಿಗೆ ಎಸ್ಸೆರೆ. ಪಿಯಚೇರೆ (ಇಷ್ಟವಾಗು) ಚಲನೆಯೇ ಅಲ್ಲ, ಆದರೂ 'ಮಿ ಎ ಪಿಯಚೂತೊ'. 'ಏನನ್ನು' ಎಂಬುದಕ್ಕೆ ವಾಕ್ಯದಲ್ಲೇ ಉತ್ತರವಿದ್ದು, ಕ್ರಿಯೆ ಆತ್ಮಾರ್ಥಕವಲ್ಲದಿದ್ದರೆ, ಅವೇರೆ ಎಂದು ಕಣ್ಣುಮುಚ್ಚಿ ಬರೆಯಿರಿ: 'ಒ ಫಿನೀತೊ ಇಲ್ ಲವೋರೊ', ಆದರೆ 'ಇಲ್ ಫಿಲ್ಮ್ ಎ ಫಿನೀತೊ'. ಎಸ್ಸೆರೆ ಬಂದರೆ ಲಿಂಗ, ವಚನವೂ ಬರುತ್ತವೆ. ಹೆಣ್ಣುಮಕ್ಕಳು 'ಸೊನೊ ಅಂದಾತ' ಎನ್ನಬೇಕು, 'ಅಂದಾತೊ' ಅಲ್ಲ.

ಪ್ರಶ್ನೆ: ಪಸ್ಸಾತೊ ರೆಮೊತೊ (ದೂರದ ಭೂತಕಾಲ) ಕಲಿಯಬೇಕೇ?

ಕಥೆ, ಇತಿಹಾಸ ಓದುವಾಗ ಗುರುತು ಹಿಡಿಯುವಷ್ಟು. ಮಿಲಾನೊದಲ್ಲಿ ಮಾತಿಗೆ ಬೇಕಿಲ್ಲ, ಸಿಸಿಲಿಗೆ ಹೋಗುವವರ ಕಿವಿಗೆ ಬೀಳುತ್ತದೆ.

ಪ್ರಶ್ನೆ: 'ಎರಡು ವರ್ಷದಿಂದ ತೊರೀನೊದಲ್ಲಿ ಇದ್ದೇನೆ' ಎನ್ನಲು ಯಾವ ಭೂತಕಾಲ?

ಯಾವುದೂ ಅಲ್ಲ. ನೀವೇ 'ಇದ್ದೇನೆ' ಎಂದಿರಲ್ಲ, ಅದನ್ನೇ ಹೇಳಿ: 'ಆಬಿತೊ ಅ ತೊರೀನೊ ದ ದೂಯೆ ಆನ್ನಿ'. ಇಂಗ್ಲಿಷ್ ದಾರಿಯಲ್ಲಿ ಹೋಗಿ 'ಒ ಆಬಿತಾತೊ' ಎಂದರೆ ಊರು ಬಿಟ್ಟಿದ್ದೀರಿ ಎಂದು ತಿಳಿಯುತ್ತಾರೆ.

ಪ್ರಶ್ನೆ: 7 ದಿನದಲ್ಲಿ ಎಲ್ಲ ಕಾಲರೂಪ ಕಲಿಸುವ ಕೋರ್ಸ್ ಒಂದಿದೆ, ಸೇರಬಹುದೇ?

ದುಡ್ಡು ಇಟ್ಟುಕೊಳ್ಳಿ. ಶಾಲಾ ವ್ಯಾಕರಣದಲ್ಲಿ ಕೊಂಜುಂತಿವೊದಂಥ 7 ಕ್ರಿಯಾರ್ಥಗಳು (ಇಂಗ್ಲಿಷಿನ ಮೂಡ್), ಒಟ್ಟು 21 ರೂಪವರ್ಗಗಳಿವೆ; ಅವುಗಳಲ್ಲಿ ಒಂಬತ್ತು-ಹತ್ತರಲ್ಲಿ ದಿನನಿತ್ಯದ ಬದುಕು ಸಾಗುತ್ತದೆ. ಮಾತಿನಲ್ಲಿ ಯಾರೂ ಬಳಸದ ತ್ರಪಸ್ಸಾತೊ ರೆಮೊತೊ ಎಂಬ ಭೂತಕಾಲವನ್ನು ಒಂದನೇ ವಾರದಲ್ಲಿ ಕಲಿಸುವವರಿಗೆ ಇಟಾಲಿಯನ್ ಗೊತ್ತಿಲ್ಲ, ಪಟ್ಟಿ ಮಾತ್ರ ಗೊತ್ತು.

ಪ್ರಶ್ನೆ: ಸಂಸ್ಕೃತದ ಲಕಾರಗಳು ಗೊತ್ತಿದ್ದರೆ ಇಟಾಲಿಯನ್ ತಾನಾಗಿ ಬರುತ್ತದಂತೆ?

ಬರುವುದಿಲ್ಲ.

ಪ್ರಶ್ನೆ: 'ಮಾತಾಡುತ್ತೇವೆ' ಅಂದೆ, 'ಮಾತಾಡುತ್ತಿದ್ದೆವು, ಆದರೆ...' ಎಂದು ಎದುರಿನವರು ಅರ್ಥ ಮಾಡಿಕೊಂಡರು. ಏನಾಯಿತು?

ಒಂದು 'ಮ' ಜಾಸ್ತಿಯಾಯಿತು. 'ಪಾರ್ಲೆರೇಮೊ' ಭವಿಷ್ಯತ್, 'ಪಾರ್ಲೆರೆಮ್ಮೊ' ಕೊಂದಿಟ್ಸಿಯೊನಾಲೆ. ಒಂಟಿ 'ಮ' ಇದ್ದಾಗ ಹಿಂದಿನ 'ರೇ' ಎಳೆಯಿರಿ, ಜೋಡಿ ಇದ್ದಾಗ 'ರೆ' ಮೊಟಕಾಗಲಿ. ಒತ್ತಕ್ಷರ ಬರೆದು ಬೆಳೆದವರಿಗೆ ಇದು ಬಾಯಿಗೆ ಕಷ್ಟವಲ್ಲ. ಎರಡನ್ನೂ ರೋಮನ್ ಅಕ್ಷರ ನೋಡಿ ಓದುವ ಬದಲು ಒಮ್ಮೆ ಕನ್ನಡದಲ್ಲಿ ಬರೆದುಕೊಂಡು ಗಟ್ಟಿಯಾಗಿ ಹೇಳಿ. ಸಪ್ರೇಮೊ, ಸಪ್ರೆಮ್ಮೊ, ವೆರ್ರೇಮೊ, ವೆರ್ರೆಮ್ಮೊ ಕೂಡ ಹಾಗೆಯೇ.