ಮಗ್ಗುಲು ಬದಲಿಸಿದರೆ ಕಟ್ಟಿದ ಹೊಳ್ಳೆಯೂ ಬದಲಾಗುವುದು ಯಾಕೆ?

ನೆಗಡಿಯಾದಾಗ ಎಡ ಮಗ್ಗುಲಿಗೆ ಮಲಗಿದರೆ ಎಡ ಹೊಳ್ಳೆ ಕಟ್ಟುತ್ತದೆ, ಬಲಕ್ಕೆ ಹೊರಳಿದರೆ ಬಲ ಹೊಳ್ಳೆ, ಸಿಂಬಳ ಆ ಕಡೆಯಿಂದ ಈ ಕಡೆಗೆ ಹರಿಯುತ್ತದಾ ಅಂತ ಕೇಳಿದ್ದೀರಿ. ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ.

ಹರಿಯುವುದಕ್ಕೆ ದಾರಿಯೇ ಇಲ್ಲ. ಎರಡು ಹೊಳ್ಳೆಗಳ ನಡುವೆ ಗೋಡೆ ಇದೆ. ಮುಂದೆ ಬಾಗುವ ಮೃದು ಎಲುಬು, ಹಿಂದೆ ಗಟ್ಟಿ ಮೂಳೆ. ಕಿರುನಾಲಗೆಯ ಮೇಲ್ಗಡೆ, ಗಂಟಲಿನ ಹಿಂಭಾಗಕ್ಕೆ ಬಂದ ಮೇಲೇ ಎರಡೂ ಒಂದಾಗುವುದು.

ಮೂಗು ಕಟ್ಟುವುದರಲ್ಲಿ ಸಿಂಬಳದ ಪಾಲು ನಾವು ಅಂದುಕೊಂಡಷ್ಟಿಲ್ಲ, ರಕ್ತದ ಪಾಲೇ ಜಾಸ್ತಿ. ಪ್ರತಿ ಹೊಳ್ಳೆಯ ಹೊರಗೋಡೆಯಿಂದ ಮೂರು ದಿಂಡುಗಳು ಒಳಕ್ಕೆ ಚಾಚಿಕೊಂಡಿರುತ್ತವೆ. ಇಎನ್‌ಟಿ ಡಾಕ್ಟರು ಇವನ್ನು ಟರ್ಬಿನೇಟ್ ಅನ್ನುತ್ತಾರೆ. ಒಳಗೆ ತೆಳು ಮೂಳೆ, ಮೇಲೆ ಸ್ಪಂಜಿನಂಥ ಮಾಂಸ. ರಕ್ತ ತುಂಬಿಕೊಂಡರೆ ಉಬ್ಬುತ್ತದೆ, ಇಳಿದರೆ ಕುಗ್ಗುತ್ತದೆ. ಕೆಳಗಿನ ದಿಂಡೇ ದೊಡ್ಡದು, ಕಿತಾಪತಿಯೂ ಅದರದೇ ಜಾಸ್ತಿ. ಕನ್ನಡಿ ಮುಂದೆ ಟಾರ್ಚ್ ಹಿಡಿದು ನೋಡಿದರೆ ಗುಲಾಬಿ ಬಣ್ಣದ ಗಡ್ಡೆಯ ಹಾಗೆ ಕಾಣುತ್ತದೆ. ಮೊದಲ ಸಲ ನೋಡಿದಾಗ ನಾನು ಮೂಗಿನಲ್ಲಿ ದುರ್ಮಾಂಸ ಬೆಳೆದಿದೆ ಎಂದು ಗಾಬರಿಯಾಗಿದ್ದೆ.

ಆ ದಿಂಡುಗಳು ಸುಮ್ನೆ ಅಡ್ಡ ನಿಂತಿಲ್ಲ. ದಿನಕ್ಕೆ ಸುಮಾರು 10,000 ಲೀಟರ್ ಗಾಳಿ ಒಳಗೆ ಹೋಗುತ್ತದೆ. ಮಡಿಕೇರಿಯ ಚಳಿಗಾಲದ ಬೆಳಗ್ಗೆ ಹೊರಗೆ 12 ಡಿಗ್ರಿ ಇದ್ದರೂ ಗಂಟಲಿಗೆ ಇಳಿಯುವ ಹೊತ್ತಿಗೆ ಆ ಗಾಳಿ ಬೆಚ್ಚಗಾಗಿರಬೇಕು, ಒದ್ದೆಯೂ ಆಗಿರಬೇಕು. ಮೂಗು ದಾಟಲು ಗಾಳಿಗೆ ಒಂದು ಸೆಕೆಂಡೂ ಬೇಡ. ಅಷ್ಟರಲ್ಲೇ ಈ ರಕ್ತ ತುಂಬಿದ ಮಾಂಸಕ್ಕೆ ತಾಗಿ ಕಾಯಿಸಿಕೊಳ್ಳಬೇಕು. ಧೂಳು ಸಿಂಬಳಕ್ಕೆ ಅಂಟುತ್ತದೆ. ಕಣ್ಣಿಗೆ ಕಾಣದ ಸಣ್ಣ ಕೂದಲುಗಳು ಅದನ್ನು ಹಿಂದಕ್ಕೆ, ಗಂಟಲ ಕಡೆಗೆ ತಳ್ಳುತ್ತವೆ. ನಾವು ಗೊತ್ತಿಲ್ಲದೆ ನುಂಗುತ್ತಲೇ ಇರುತ್ತೇವೆ. ಇದನ್ನು ಊಟದ ಹೊತ್ತಿಗೆ ಓದುತ್ತಿದ್ದರೆ ಕ್ಷಮಿಸಿ.

ಇನ್ನು ಪಾಳಿಯ ವಿಷಯ. ಎರಡೂ ಹೊಳ್ಳೆ ಒಟ್ಟಿಗೆ ಸಮಾನವಾಗಿ ದುಡಿಯುವುದು ಕಡಿಮೆ. ಒಂದು ಕಡೆ ಉಬ್ಬಿ ವಿಶ್ರಾಂತಿ ತೆಗೆದುಕೊಂಡರೆ ಇನ್ನೊಂದು ಕಡೆ ತೆರೆದಿರುತ್ತದೆ. ಕೆಲವು ಗಂಟೆಗಳಿಗೊಮ್ಮೆ ಅದಲುಬದಲು. ಜರ್ಮನಿಯ ವೈದ್ಯ ರಿಚರ್ಡ್ ಕೈಸರ್ 1895ರಲ್ಲಿ ಇದನ್ನು ವಿವರಿಸಿ ಬರೆದರು. ಬಲ ಹೊಳ್ಳೆಯ ಉಸಿರನ್ನು ಸೂರ್ಯನಾಡಿ, ಎಡ ಹೊಳ್ಳೆಯದನ್ನು ಚಂದ್ರನಾಡಿ ಎನ್ನುವ ನಮ್ಮ ಯೋಗಿಗಳು ಅದಕ್ಕೂ ಬಹಳ ಮೊದಲೇ ಗಮನಿಸಿದ್ದರು. ಆರೋಗ್ಯವಾಗಿದ್ದಾಗ ಈ ಪಾಳಿ ನಮಗೆ ಗೊತ್ತೇ ಆಗುವುದಿಲ್ಲ. ನೆಗಡಿಯಲ್ಲಿ ಎರಡೂ ಕಡೆ ಊದಿರುತ್ತದೆ, ಪಾಳಿ ಬಂದ ಕಡೆ ಪೂರ್ತಿ ಮುಚ್ಚಿಹೋಗುತ್ತದೆ.

ಮಗ್ಗುಲಾಗಿ ಮಲಗಿದಾಗ ಕಂಕುಳು, ಪಕ್ಕೆಯ ಮೇಲೆ ಭಾರ ಬೀಳುತ್ತದೆ ಅಲ್ವಾ? ಆ ಒತ್ತಡಕ್ಕೆ ನರಗಳು ಅದೇ ಬದಿಯ ಹೊಳ್ಳೆಯನ್ನು ಉಬ್ಬಿಸಿ, ಎದುರು ಬದಿಯದನ್ನು ತೆರೆಯುತ್ತವೆ. ಕೆಳಬದಿಗೆ ರಕ್ತ ಇಳಿಯುವುದೂ ಸೇರಿಕೊಳ್ಳುತ್ತದೆ. ಯೋಗಿಗಳು ಕಂಕುಳಲ್ಲಿ ಯೋಗದಂಡ ಇಟ್ಟುಕೊಳ್ಳುತ್ತಿದ್ದದ್ದರ ಹಿಂದೆಯೂ ಇದೇ ಲೆಕ್ಕವಿತ್ತು. ಹಾಗಾಗಿ ಕಟ್ಟಿದ ಬದಿ ಮೇಲಿರುವಂತೆ ಮಲಗಿ. ನಮ್ಮಜ್ಜಿ ಕಾರಣ ಗೊತ್ತಿಲ್ಲದೆ ಇದನ್ನೇ ಹೇಳುತ್ತಿದ್ದರು.

ಒಂದು ತಪ್ಪು ಮಾತ್ರ ಮಾಡಬೇಡಿ, ನಾನು ಮಾಡಿದ್ದು. ಮೂಗು ಬಿಡಿಸುವ ಡ್ರಾಪ್ಸ್ ಎರಡು ತಿಂಗಳು ಹಾಕಿದೆ. ಅದು ರಕ್ತನಾಳ ಬಿಗಿಮಾಡಿ ಎರಡೇ ನಿಮಿಷದಲ್ಲಿ ದಾರಿ ಬಿಡಿಸುತ್ತದೆ, ಸ್ವರ್ಗ. ಕೆಲವು ದಿನ ಕಳೆದರೆ ಔಷಧಿ ಇಳಿದ ಕೂಡಲೇ ಮೊದಲಿಗಿಂತ ಜಾಸ್ತಿ ಊದುತ್ತದೆ, ಮತ್ತೆ ಹಾಕಲೇಬೇಕು. ದಿಂಬಿನ ಕೆಳಗೆ ಬಾಟಲಿ ಇಲ್ಲದಿದ್ದರೆ ನಿದ್ದೆ ಬಾರದ ಸ್ಥಿತಿ. ಡಾಕ್ಟರು ಮೊದಲು ಒಂದು ಹೊಳ್ಳೆಗೆ ಮಾತ್ರ ನಿಲ್ಲಿಸಿ, ಅದು ತೆರೆದ ಮೇಲೆ ಇನ್ನೊಂದಕ್ಕೆ ನಿಲ್ಲಿಸಲು ಹೇಳಿದರು. ಜೊತೆಗೆ ಉಪ್ಪುನೀರಿನ ಸ್ಪ್ರೇ. ಬಿಡಲು ಎರಡು ವಾರ ಹಿಡಿಯಿತು. ಮೂರು, ಹೆಚ್ಚೆಂದರೆ ಐದು ದಿನ, ಅಷ್ಟಕ್ಕೇ ನಿಲ್ಲಿಸಿ.

ಜೋರಾಗಿ ಸೀಟಲೂ ಬೇಡ. ಮೂಗಿನ ಹಿಂದಿನಿಂದ ಕಿವಿಗೆ ಸಣ್ಣ ಕೊಳವೆ ಇದೆ, ಸೋಂಕು ಅತ್ತ ಹೋದರೆ ಕಿವಿನೋವು. ಒಂದೊಂದೇ ಹೊಳ್ಳೆ, ಮೆಲ್ಲಗೆ.

ಯಾವ ಮಗ್ಗುಲಿಗೆ ಮಲಗಿದರೂ, ನೆಗಡಿ ಇಲ್ಲದಿದ್ದರೂ ಒಂದೇ ಹೊಳ್ಳೆ ವಾರಗಟ್ಟಲೆ ಕಟ್ಟಿದ್ದರೆ ಅದು ಪಾಳಿಯಲ್ಲ. ನಡುಗೋಡೆ ಸೊಟ್ಟಗಿರಬಹುದು, ನಿಜವಾದ ದುರ್ಮಾಂಸವೂ ಇರಬಹುದು. ರಕ್ತ ಬರುತ್ತಿದ್ದರಂತೂ ತಡ ಮಾಡದೆ ಇಎನ್‌ಟಿ ಡಾಕ್ಟರಿಗೆ ತೋರಿಸಿ.